ಸೂರಿಗೆ ಹೊಸ ದೀಪ ಹಾಕುವಾಗ



ಗುಬ್ಬಿ ಕಡೆ ಅಡಕೆ ಕೊಯ್ದು, ಬೇಯಿಸಿ, ಒಣಗಿಸಿ ಮಾರಿದ್ದಾಯಿತು. ಕುಣಿಗಲ್ ಕಡೆ ಕಣದ ಕೆಲಸ ಮುಗಿದು ರಾಗಿ ಮೂಟೆ ಮನೆ ಸೇರಿತು. ಕೈಯಲ್ಲಿ ನಾಲ್ಕು ಕಾಸು ಓಡಾಡುವ ಕಾಲ. ಆಗ ಮನೆಯಾಕೆ ಹೇಳುತ್ತಾಳೆ: "ನಡುಮನೆ ದೀಪ ಹಳೇದಾಯ್ತು. ಹೋಲ್ಡರೂ ಕಪ್ಪಿಟ್ಟಿದೆ. ಈ ಸಲ ತುಮಕೂರಿಗೆ ಹೋದಾಗ ಒಂದು ಒಳ್ಳೇ ದೀಪ ತಂದ್ಬಿಡಿ." ಯಜಮಾನರು ತುಮಕೂರಿನ ಬಿ.ಎಚ್. ರಸ್ತೆಯ ಅಂಗಡಿಯಿಂದ ದುಂಡನೆಯ ಎಲ್‌ಇಡಿ ದೀಪವೊಂದನ್ನು ತರುತ್ತಾರೆ. ತಂದದ್ದಾಯಿತು, ಅದನ್ನು ಮೇಲೆ ಕೂರಿಸುವವರು ಯಾರು? "ಅದೇನ್ ಮಹಾ ಕೆಲಸ, ಎರಡು ವೈರು ತಾನೇ" ಎಂದು ಮನೆಯ ಹುಡುಗ ಗೋಡೆಯ ಸ್ವಿಚ್ಚು ಆರಿಸಿ, ಕಬ್ಬಿಣದ ಕುರ್ಚಿಯ ಮೇಲೆ ಹತ್ತಿ ನಿಲ್ಲುತ್ತಾನೆ.

ಅಲ್ಲಿ ಸ್ವಲ್ಪ ತಡೆಯಿರಿ. ಆ ಹುಡುಗನನ್ನು ಮೊದಲು ಕೆಳಕ್ಕೆ ಇಳಿಸಿ. ಅವನು ಏಕೆ ಇಳಿಯಬೇಕು, ಮತ್ತೆ ಹತ್ತುವ ಮೊದಲು ಏನೇನು ಮಾಡಬೇಕು ಎಂಬುದೇ ಇವತ್ತಿನ ನಮ್ಮ ಮಾತು.

ಎಷ್ಟು ಕರೆಂಟು ಪ್ರಾಣ ತೆಗೆದೀತು?

ನಮ್ಮ ನಾಡಿಗೆ ವಿದ್ಯುಚ್ಛಕ್ತಿ ಹೊಸದೇನಲ್ಲ. ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ವಿದ್ಯುತ್ತು ತೆಗೆದು ಕೋಲಾರದ ಚಿನ್ನದ ಗಣಿಗೆ ಕಳಿಸಿದ್ದು ೧೯೦೨ರಲ್ಲಿ. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಕರೆಂಟಿನ ದೀಪ ಹತ್ತಿತು. ಇಂದು ನಮ್ಮ ಜಿಲ್ಲೆಯ ಪಾವಗಡದಲ್ಲೇ ಬಿಸಿಲಿನಿಂದ ೨,೦೫೦ ಮೆಗಾವ್ಯಾಟ್ ವಿದ್ಯುತ್ತು ತೆಗೆಯುವ ಸ್ಥಾವರವಿದೆ. ಬುಡ್ಡಿ ದೀಪ, ಲಾಂದ್ರ ಅಟ್ಟ ಸೇರಿ ಎಷ್ಟೋ ಕಾಲವಾಯಿತು. ಹಾಗೆ ಬಳಕೆಯಾದುದರಿಂದಲೇ ನಮಗೆ ಅದರ ಭಯವೂ ಹೋಗಿದೆ. ಭಯ ಹೋದದ್ದು ಒಳ್ಳೆಯದೇ, ಆದರೆ ಎಚ್ಚರ ಹೋಗಬಾರದು.

ಮನೆಗೆ ಬರುವ ಕರೆಂಟು ೨೩೦ ವೋಲ್ಟಿನದು. ವೋಲ್ಟು ಎಂದರೆ ನೀರಿನ ಒತ್ತಡವಿದ್ದ ಹಾಗೆ, ಆಂಪಿಯರ್ ಎಂದರೆ ಹರಿಯುವ ನೀರಿನ ಪ್ರಮಾಣವಿದ್ದ ಹಾಗೆ. ಒಂದು ಆಂಪಿಯರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲಿಗೆ ಮಿಲಿ ಆಂಪಿಯರ್ ಎನ್ನುತ್ತಾರೆ. ೯ ವ್ಯಾಟಿನ ಒಂದು ಸಣ್ಣ ಎಲ್‌ಇಡಿ ಬಲ್ಬು ಎಳೆದುಕೊಳ್ಳುವ ಕರೆಂಟು ಸುಮಾರು ೪೦ ಮಿಲಿ ಆಂಪಿಯರ್. ಈಗ ಮನುಷ್ಯನ ಲೆಕ್ಕ ನೋಡಿ. ಹತ್ತು ಹದಿನೈದು ಮಿಲಿ ಆಂಪಿಯರ್ ಮೈಯೊಳಗೆ ಹರಿದರೆ ಸ್ನಾಯು ಬಿಗಿದುಕೊಂಡು, ಹಿಡಿದ ತಂತಿಯನ್ನು ಬಿಡಲು ಆಗುವುದಿಲ್ಲ. ಮೂವತ್ತನ್ನು ಮೀರಿ ಸ್ವಲ್ಪ ಹೊತ್ತು ಹರಿದರೆ ಉಸಿರಿಗೂ ಹೃದಯಕ್ಕೂ ಅಪಾಯ. ಒದ್ದೆ ಕೈ, ಬರಿಗಾಲು, ಸಾರಿಸಿದ ಹಸಿ ನೆಲ ಇವು ಸೇರಿದರೆ ಮೈಯೊಳಗೆ ಹರಿಯುವುದು ೨೦೦ ಮಿಲಿ ಆಂಪಿಯರನ್ನೂ ಮೀರಬಹುದು.

ಅಂದರೆ ಏನಾಯಿತು? ಒಂದು ಸಣ್ಣ ಬಲ್ಬನ್ನು ಹತ್ತಿಸುವಷ್ಟು ಕರೆಂಟು ಒಬ್ಬ ಗಟ್ಟಿಮುಟ್ಟಾದ ಆಳಿನ ಪ್ರಾಣ ತೆಗೆಯಲು ಸಾಕು. "ಮೋಟಾರಿನ ಕರೆಂಟಾದರೆ ಅಪಾಯ, ಲೈಟಿನ ಕರೆಂಟು ಏನ್ಮಾಡೀತು" ಎನ್ನುವ ಮಾತು ಹಳ್ಳಿಗಳಲ್ಲಿ ಕೇಳಿಬರುತ್ತದೆ. ಆ ಮಾತು ತಪ್ಪು.

ಇನ್ನೊಂದು ತಪ್ಪು ತಿಳಿವಳಿಕೆ: "ಏನಾದ್ರೂ ಆದ್ರೆ ಫ್ಯೂಸು ಹೋಗತ್ತೆ ಬಿಡಿ." ದೀಪದ ಸಾಲಿಗೆ ಸಾಮಾನ್ಯವಾಗಿ ೬ ಆಂಪಿಯರಿನ ಫ್ಯೂಸು ಅಥವಾ ಎಂಸಿಬಿ ಇರುತ್ತದೆ. ೬ ಆಂಪಿಯರ್ ಎಂದರೆ ೬,೦೦೦ ಮಿಲಿ ಆಂಪಿಯರ್. ಪ್ರಾಣಕ್ಕೆ ಅಪಾಯ ಶುರುವಾಗುವ ಮಟ್ಟಕ್ಕಿಂತ ಇನ್ನೂರು ಪಟ್ಟು ಹೆಚ್ಚು. ಫ್ಯೂಸು ಇರುವುದು ತಂತಿ ಕಾದು ಮನೆಗೆ ಬೆಂಕಿ ಬೀಳದಿರಲಿ ಎಂದು. ನಿಮ್ಮನ್ನು ಉಳಿಸುವ ಶಕ್ತಿ ಅದಕ್ಕಿಲ್ಲ.

ಸ್ವಿಚ್ಚು ಆರಿಸಿದರೆ ಸಾಲದೇ?

ಸಾಲದು. ಏಕೆಂದು ಹೇಳುತ್ತೇನೆ. ಮನೆಗೆ ಬರುವ ಎರಡು ತಂತಿಗಳಲ್ಲಿ ಒಂದು ಫೇಸು, ಇನ್ನೊಂದು ನ್ಯೂಟ್ರಲ್. ಫೇಸು ನೀರು ತರುವ ಕಾಲುವೆ, ನ್ಯೂಟ್ರಲ್ ನೀರು ಹೊರಗೆ ಹೋಗುವ ಬಸಿಗಾಲುವೆ ಎಂದುಕೊಳ್ಳಿ. ಸ್ವಿಚ್ಚು ತೂಬು. ಹೇಮಾವತಿ ನಾಲೆಯ ನೀರು ಕಟ್ಟುವವರಿಗೆ ಇದು ಬೇಗ ತಿಳಿಯುತ್ತದೆ. ತೂಬು ಗದ್ದೆಯ ಮೇಲ್ತುದಿಯಲ್ಲಿದ್ದರೆ, ಮುಚ್ಚಿದಾಗ ಗದ್ದೆಗೆ ನೀರೇ ಬರುವುದಿಲ್ಲ. ಅದೇ ತೂಬು ಕೆಳತುದಿಯಲ್ಲಿದ್ದರೆ? ಮುಚ್ಚಿದಾಗ ಹರಿವು ನಿಲ್ಲುತ್ತದೆ ನಿಜ, ಆದರೆ ನೀರು ಗದ್ದೆಯ ತುಂಬ ನಿಂತಿರುತ್ತದೆ.

ಸ್ವಿಚ್ಚನ್ನು ಫೇಸಿನ ತಂತಿಗೆ ಕೂರಿಸಬೇಕು. ಇದು ನಿಯಮ. ಆದರೆ ವೈರಿಂಗು ಮಾಡುವಾಗ ಯಾರೋ ಅವಸರದಲ್ಲಿ ತಂತಿ ಅದಲುಬದಲು ಮಾಡಿ, ಸ್ವಿಚ್ಚನ್ನು ನ್ಯೂಟ್ರಲ್‌ಗೆ ಕೂರಿಸಿದ್ದರೆ ದೀಪ ಹತ್ತುತ್ತದೆ, ಆರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ದೀಪ ಆರಿದ್ದಾಗಲೂ ಮೇಲಿನ ಹೋಲ್ಡರಿನಲ್ಲಿ ಕರೆಂಟು ಮಾತ್ರ ನಿಂತೇ ಇರುತ್ತದೆ. ಹುಡುಗ ಕೈಯಿಟ್ಟ ಗಳಿಗೆಯಲ್ಲೇ ಅದು ತಿಳಿಯುವುದು. ಸ್ವಿಚ್ಚು ಆರಿಸಿದ ಮೇಲೂ ರಾತ್ರಿಯ ಹೊತ್ತು ಎಲ್‌ಇಡಿ ದೀಪ ಮಂಕಾಗಿ ಮಿಣುಕುತ್ತಿದ್ದರೆ ಈ ದೋಷ ಇರಬಹುದು. ಮಿಣುಕಲು ಬೇರೆ ಕಾರಣಗಳೂ ಉಂಟು. ಆದರೂ ಅದನ್ನು ಒಮ್ಮೆ ವೈರ್‌ಮನ್‌ಗೆ ತೋರಿಸುವುದು ಮೇಲು.

"ಹಾಗಾದ್ರೆ ಕರೆಂಟು ಹೋದಾಗ ಹಾಕಿಬಿಡೋಣ" ಎನ್ನುವ ಜಾಣರೂ ಇದ್ದಾರೆ. ಇದು ಇನ್ನೂ ಕೆಟ್ಟದ್ದು. ಹೋದ ಕರೆಂಟು ನಿಮ್ಮನ್ನು ಕೇಳಿಕೊಂಡು ಬರುವುದಿಲ್ಲ. ನೀವು ತಂತಿ ಸುಲಿದು ಹಿಡಿದಿರುವಾಗಲೇ ಬಂದೀತು.

ಈಚೆಗೆ ಮತ್ತೊಂದು ಹೊಸ ಅಪಾಯ ಸೇರಿದೆ. ಈಗ ಹಳ್ಳಿಯ ಮನೆಗಳಲ್ಲೂ ಯುಪಿಎಸ್ ಬಂದಿದೆ. ಮೇನು ಆರಿಸಿದ ಕೂಡಲೇ ಯುಪಿಎಸ್ "ಕರೆಂಟು ಹೋಯಿತು" ಎಂದು ತಿಳಿದು, ಬ್ಯಾಟರಿಯಿಂದ ಅದೇ ೨೩೦ ವೋಲ್ಟನ್ನು ದೀಪದ ಸಾಲಿಗೆ ಕಳಿಸುತ್ತದೆ. ಯುಪಿಎಸ್ ಸಂಪರ್ಕವಿರುವುದು ಬಹುಮಟ್ಟಿಗೆ ದೀಪ ಮತ್ತು ಫ್ಯಾನುಗಳಿಗೇ. ಅಂದರೆ ನೀವು ಕೈಯಿಡುವ ಜಾಗಕ್ಕೇ. ಆದ್ದರಿಂದ ಮೇನಿನ ಜೊತೆಗೆ ಯುಪಿಎಸ್‌ನ ಸ್ವಿಚ್ಚನ್ನೂ ಆರಿಸಲೇಬೇಕು.

ನಿಮ್ಮ ಕೆಲಸ ಯಾವುದು, ವೈರ್‌ಮನ್ ಕೆಲಸ ಯಾವುದು?

ಇದಕ್ಕೆ ಕಾನೂನಿನಲ್ಲೇ ಒಂದು ಗೆರೆ ಎಳೆದಿದೆ. ಕೇಂದ್ರ ವಿದ್ಯುತ್ ಪ್ರಾಧಿಕಾರವು ೨೦೨೩ರಲ್ಲಿ ಹೊರಡಿಸಿದ ಸುರಕ್ಷತೆಯ ನಿಯಮಗಳ ಪ್ರಕಾರ, ಮನೆಯ ದೀಪ, ಫ್ಯಾನು, ಫ್ಯೂಸು, ಸ್ವಿಚ್ಚು ಇಂಥವನ್ನು ಇದ್ದಲ್ಲೇ ಬದಲಾಯಿಸಬಹುದು. ಆದರೆ ಹಾಗೆ ಬದಲಾಯಿಸುವುದರಿಂದ ವೈರಿಂಗಿನ ಸಾಮರ್ಥ್ಯವಾಗಲಿ ಸ್ವರೂಪವಾಗಲಿ ಬೇರೆಯಾಗಕೂಡದು. ಅದನ್ನು ಮೀರಿದ ಕೆಲಸವನ್ನು, ಹೊಸದಾಗಿ ತಂತಿ ಎಳೆಯುವುದು, ಹೊಸ ಪಾಯಿಂಟು ಹಾಕುವುದು, ಇದ್ದ ವೈರಿಂಗು ಬದಲಾಯಿಸುವುದು ಇವನ್ನು ಪರವಾನಗಿ ಪಡೆದ ಗುತ್ತಿಗೆದಾರರ ಮೂಲಕವೇ ಮಾಡಿಸಬೇಕು. ನಮ್ಮ ರಾಜ್ಯದಲ್ಲಿ ವೈರ್‌ಮನ್‌ಗಳಿಗೆ ಪರವಾನಗಿ ಕೊಡುವುದು ವಿದ್ಯುತ್ ಪರಿವೀಕ್ಷಣಾಲಯ. ಕೆಲಸಕ್ಕೆ ಕರೆಯುವ ಮೊದಲು "ನಿಮ್ಮ ಪರ್ಮಿಟ್ ತೋರ್ಸಿ" ಎಂದು ಕೇಳಲು ಸಂಕೋಚ ಪಡಬೇಡಿ. ಹಸುವಿಗೆ ಔಷಧಿ ಹಾಕಿಸುವಾಗ ಪಶುವೈದ್ಯರನ್ನೇ ಹುಡುಕುತ್ತೇವಲ್ಲ, ಹಾಗೆಯೇ ಇದು.

ಇನ್ನು ಕಂಬದಿಂದ ಮೀಟರಿನವರೆಗಿನ ತಂತಿ ಮತ್ತು ಮೀಟರಿನ ಮೊಹರು ಬೆಸ್ಕಾಂನವರಿಗೆ ಸೇರಿದ್ದು. ಅದನ್ನು ಮನೆಯವರೂ ಮುಟ್ಟಕೂಡದು, ಖಾಸಗಿ ವೈರ್‌ಮನ್ನರೂ ಮುಟ್ಟಕೂಡದು. ಒಂದು ಮಾತು ನೆನಪಿಡಿ: ಮೇನು ಆರಿಸಿದರೂ ಮೀಟರಿನಿಂದ ಮೇನಿನವರೆಗಿನ ತಂತಿಯಲ್ಲಿ ಕರೆಂಟು ಇದ್ದೇ ಇರುತ್ತದೆ.

ಹಾಗಾದರೆ ನಡುಮನೆಯ ಹಳೇ ಹೋಲ್ಡರು ತೆಗೆದು ಅದೇ ಜಾಗಕ್ಕೆ, ಅದೇ ತಂತಿಗೆ ಹೊಸ ದೀಪ ಕೂರಿಸುವುದು ತಿಳಿದ ಮನೆಯವರು ಮಾಡಬಹುದಾದ ಕೆಲಸ. ದೇವರಮನೆಗೆ ಇಲ್ಲದ ದೀಪವನ್ನು ಹೊಸದಾಗಿ ಎಳೆಯುವುದು ವೈರ್‌ಮನ್ ಕೆಲಸ. ಮೊದಲನೆಯದರಲ್ಲೂ ನಿಮಗೆ ಧೈರ್ಯ ಸಾಲದಿದ್ದರೆ ಅವರನ್ನೇ ಕರೆಯಿರಿ. ಅದರಲ್ಲಿ ಅವಮಾನವೇನಿಲ್ಲ.

ಸಾಮಾನು ಕೊಳ್ಳುವಾಗ

ಐಎಸ್‌ಐ ಗುರುತಿನ ತಂತಿ, ಹೋಲ್ಡರು, ಸ್ವಿಚ್ಚುಗಳನ್ನೇ ಕೇಳಿ ಪಡೆಯಿರಿ. ಸಂತೆಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಹೆಸರಿಲ್ಲದ ಮಾಲು ತರಬೇಡಿ. ದೀಪದ ಸಾಲಿಗೆ ೧ ಅಥವಾ ೧.೫ ಚದರ ಮಿಲಿಮೀಟರಿನ ತಾಮ್ರದ ತಂತಿ ಬೇಕು. ರೇಡಿಯೋಗೋ ಮೊಬೈಲಿಗೋ ಬಳಸುವ ನೂಲಿನಂಥ ವೈರು ಸೂರಿನ ದೀಪಕ್ಕೆ ಸಲ್ಲದು.

ದೀಪದ ಮೈ ಲೋಹದ್ದೋ ಪ್ಲಾಸ್ಟಿಕ್ಕಿನದೋ ನೋಡಿ. ಲೋಹದ ಮೈಯಾದರೆ ಅದಕ್ಕೆ ಅರ್ಥ್ ತಂತಿ ಕೊಡಲೇಬೇಕು. ಒಳಗೆ ಫೇಸಿನ ತಂತಿ ಸಡಿಲಾಗಿ ಮೈಗೆ ತಾಗಿದರೆ, ಅರ್ಥ್ ಇದ್ದಾಗ ಆ ಕರೆಂಟು ನೆಲಕ್ಕೆ ಹೋಗುತ್ತದೆ. ಅರ್ಥ್ ಇಲ್ಲದಿದ್ದರೆ ಧೂಳು ಒರೆಸಲು ಹೋದ ಮನೆಯಾಕೆಯ ಮೂಲಕ ಹೋಗುತ್ತದೆ. ನಿಮ್ಮ ಮನೆಯ ಸೂರಿನ ಪಾಯಿಂಟಿಗೆ ಅರ್ಥ್ ತಂತಿ ಬಂದಿಲ್ಲವಾದರೆ ಪ್ಲಾಸ್ಟಿಕ್ ಮೈಯ ದೀಪವನ್ನೇ ಆರಿಸಿಕೊಳ್ಳಿ. ಚೌಕದೊಳಗೆ ಚೌಕದ ಗುರುತಿರುವ ದೀಪಕ್ಕೆ ಎರಡು ಪದರ ಕವಚವಿರುತ್ತದೆ, ಅದಕ್ಕೆ ಅರ್ಥ್ ಬೇಡ.

ಭಾರವನ್ನೂ ನೋಡಬೇಕು. ಹಗುರವಾದ ಎಲ್‌ಇಡಿ ದೀಪ ಎರಡು ಸ್ಕ್ರೂವಿನಲ್ಲಿ ನಿಲ್ಲುತ್ತದೆ. ಮದುವೆಮನೆಗೆಂದು ತಂದ ಗಾಜಿನ ತೂಗುದೀಪವನ್ನು ತಾರಸಿಯಲ್ಲಿ ಹುಗಿದ ಕಬ್ಬಿಣದ ಕೊಕ್ಕೆಗೇ ನೇತುಹಾಕಬೇಕು. ತಂತಿ ಇರುವುದು ಕರೆಂಟು ಹೊರಲು, ಭಾರ ಹೊರಲು ಅಲ್ಲ.

ಈಗ ಕೆಲಸಕ್ಕೆ ಬನ್ನಿ

೧. ಹಗಲು ಹೊತ್ತಿನಲ್ಲೇ ಕೆಲಸ ಇಟ್ಟುಕೊಳ್ಳಿ. ಕೈಕಾಲು ಒಣಗಿರಲಿ, ಕಾಲಿಗೆ ರಬ್ಬರಿನ ಚಪ್ಪಲಿ ಇರಲಿ. ಒಬ್ಬರೇ ಮಾಡಬೇಡಿ. ಕೆಳಗೆ ಏಣಿ ಹಿಡಿಯಲು, ಅಗತ್ಯ ಬಿದ್ದರೆ ಓಡಿ ಸಹಾಯ ಕರೆಯಲು ತಿಳಿದವರೊಬ್ಬರು ಇರಲಿ.

೨. ಏಣಿ ಒಣ ಮರದ್ದೋ ಬಿದಿರಿನದೋ ಇರಲಿ. ಕಬ್ಬಿಣದ ಕುರ್ಚಿ, ಅಲ್ಯೂಮಿನಿಯಂ ಏಣಿ ಬೇಡ. ಅಡಕೆ ಕೊಯ್ಯುವ ಲೋಹದ ದೋಟಿ ಲೈನಿಗೆ ತಾಗಿದರೆ ಏನಾಗುತ್ತದೆಂದು ಗುಬ್ಬಿಯ ತೋಟದವರಿಗೆ ಹೇಳಬೇಕಾಗಿಲ್ಲ. ಲೋಹದ ಏಣಿಯೂ ಅದೇ ಜಾತಿಯದು.

೩. ಗೋಡೆಯ ಪ್ಲಗ್ಗಿನಲ್ಲಿ ಟೆಸ್ಟರು ಇಟ್ಟು ನೋಡಿ. ಹತ್ತಿತೇ? ಟೆಸ್ಟರು ಸರಿಯಾಗಿದೆ ಎಂದಾಯಿತು. ಈಗ ಮೇನು ಆರಿಸಿ, ಯುಪಿಎಸ್ ಆರಿಸಿ. ಹಳೇ ಮಾದರಿಯ ಕಟೌಟು ಇದ್ದರೆ ಅದರ ಫ್ಯೂಸನ್ನು ಕಿತ್ತು ನಿಮ್ಮ ಜೇಬಿಗೆ ಹಾಕಿಕೊಳ್ಳಿ. ಎಂಸಿಬಿ ಆದರೆ ಅದರ ಮೇಲೆ "ಯಾರೂ ಹಾಕಬೇಡಿ" ಎಂದು ಚೀಟಿ ಅಂಟಿಸಿ. ಮನೆಯವರಿಗೆಲ್ಲ ಹೇಳಿ. ಟೀವಿ ನಿಂತುಹೋಯಿತೆಂದು ಮಗು ಓಡಿಹೋಗಿ ಮೇನು ಹಾಕಿಬಿಟ್ಟರೆ ಕಷ್ಟ.

೪. ಮತ್ತೆ ಅದೇ ಪ್ಲಗ್ಗಿನಲ್ಲಿ ಟೆಸ್ಟರು ಇಡಿ. ಹತ್ತಬಾರದು. ಆಮೇಲೆ ಏಣಿ ಹತ್ತಿ, ಹಳೇ ಹೋಲ್ಡರಿನ ಮುಚ್ಚಳ ಬಿಚ್ಚಿ, ಅಲ್ಲಿ ಕಾಣುವ ಪ್ರತಿಯೊಂದು ತಂತಿಗೂ ಟೆಸ್ಟರು ತಾಗಿಸಿ ನೋಡಿ. ಒಣ ಮರದ ಏಣಿಯ ಮೇಲೆ ನಿಂತಾಗ ಟೆಸ್ಟರಿನ ಬೆಳಕು ಮಂಕಾಗಿರುತ್ತದೆ, ಬಿಸಿಲಿನ ಬೆಳಕಿನಲ್ಲಿ ಕಾಣದೆಯೂ ಹೋಗಬಹುದು. ಆದ್ದರಿಂದ ಕೈ ಅಡ್ಡ ಹಿಡಿದು ನೆರಳು ಮಾಡಿಕೊಂಡು ನೋಡಿ. ಒಂದು ಚೂರು ಬೆಳಕು ಕಂಡರೂ ಇಳಿದುಬಿಡಿ. ವೈರ್‌ಮನ್ ಬರುವವರೆಗೆ ಆ ಕೆಲಸ ಮುಟ್ಟಬೇಡಿ.

೫. ಹಳೇ ಹೋಲ್ಡರು ಬಿಚ್ಚುವ ಮೊದಲು ಯಾವ ತಂತಿ ಎಲ್ಲಿತ್ತು ಎಂದು ನೋಡಿಟ್ಟುಕೊಳ್ಳಿ. ಮೊಬೈಲಿನಲ್ಲಿ ಒಂದು ಫೋಟೋ ತೆಗೆದರೆ ಇನ್ನೂ ಒಳ್ಳೆಯದು. ರೂಢಿಯಂತೆ ಕೆಂಪು ಫೇಸು, ಕಪ್ಪು ನ್ಯೂಟ್ರಲ್, ಹಸಿರು ಅರ್ಥ್. ಆದರೆ ಹಳೇ ಮನೆಗಳಲ್ಲಿ ಕೈಗೆ ಸಿಕ್ಕ ಬಣ್ಣ ಎಳೆದಿರುವುದುಂಟು. ಬಣ್ಣವನ್ನೇ ನಂಬಿ ಕೂರಬೇಡಿ. ಎರಡಕ್ಕಿಂತ ಹೆಚ್ಚು ತಂತಿಗಳು ಒಂದೇ ಕಡೆ ಸೇರಿದ್ದರೆ, ಅಲ್ಲಿಂದ ಇನ್ನೊಂದು ದೀಪಕ್ಕೋ ಫ್ಯಾನಿಗೋ ಕರೆಂಟು ಹೋಗಿರುತ್ತದೆ. ಗುರುತು ತಿಳಿಯದಿದ್ದರೆ ಅಲ್ಲಿಗೇ ನಿಲ್ಲಿಸಿ.

೬. ತಂತಿಯ ತುದಿ ಸುಟ್ಟು ಕಪ್ಪಾಗಿದ್ದರೆ, ಕವಚ ಪುಡಿಪುಡಿಯಾಗಿ ಉದುರುತ್ತಿದ್ದರೆ ಹೊಸ ದೀಪ ಹಾಕಿ ಪ್ರಯೋಜನವಿಲ್ಲ. ತಂತಿಯನ್ನೇ ಬದಲಾಯಿಸಬೇಕು. ಹಳೇ ಮನೆಗಳಲ್ಲಿ ಅಲ್ಯೂಮಿನಿಯಂ ತಂತಿಯೂ ಇರುತ್ತದೆ. ಅದಕ್ಕೆ ತಾಮ್ರದ ತಂತಿಯನ್ನು ನೇರವಾಗಿ ಹೊಸೆದು ಕಟ್ಟಬೇಡಿ. ಕಾಲಕ್ರಮೇಣ ಆ ಗಂಟು ಸಡಿಲಾಗಿ ಕಾಯುತ್ತದೆ. ಈ ಎರಡೂ ವೈರ್‌ಮನ್ ನೋಡಬೇಕಾದ ಕೆಲಸ.

೭. ತುದಿ ಚೆನ್ನಾಗಿದ್ದರೆ ಸುಮಾರು ಒಂದು ಸೆಂಟಿಮೀಟರಿನಷ್ಟು ಕವಚ ಸುಲಿದು, ಎಳೆಗಳನ್ನು ಒಟ್ಟಿಗೆ ಹೊಸೆದು, ಕನೆಕ್ಟರಿನ ರಂಧ್ರಕ್ಕೆ ಪೂರ್ತಿ ತೂರಿಸಿ ಸ್ಕ್ರೂ ಬಿಗಿಯಿರಿ. ಒಂದು ಎಳೆಯೂ ಹೊರಗೆ ಚಾಚಿರಬಾರದು. ಮೆಲ್ಲಗೆ ಎಳೆದು ನೋಡಿ, ಕಳಚಬಾರದು. ದೀಪದ ಮೇಲಿನ ಗುರುತು ನೋಡಿ ಫೇಸನ್ನು ಫೇಸಿಗೆ, ನ್ಯೂಟ್ರಲನ್ನು ನ್ಯೂಟ್ರಲ್‌ಗೆ, ಹಸಿರನ್ನು ದೀಪದ ಲೋಹದ ಮೈಗೆ ಕೊಡಿ. ಸುತ್ತಿ ಸುತ್ತಿ ತಿರುಗಿಸುವ ಸ್ಕ್ರೂ ಬಲ್ಬಿನ ಹೋಲ್ಡರಾದರೆ ಫೇಸು ನಡುವಿನ ತಗಡಿಗೆ ಹೋಗಬೇಕು, ಸುತ್ತಿನ ಲೋಹಕ್ಕೆ ಹೋಗಬಾರದು. ಇಲ್ಲದಿದ್ದರೆ ಬಲ್ಬು ತಿರುಗಿಸುವ ಬೆರಳಿಗೆ ಅದು ಸಿಕ್ಕುತ್ತದೆ.

೮. ತಂತಿಯನ್ನು ಒಳಗೆ ಮಡಿಸಿ, ಎಲ್ಲಿಯೂ ಸ್ಕ್ರೂವಿನ ಕೆಳಗೆ ಸಿಕ್ಕಿ ನಲುಗದಂತೆ ದೀಪ ಕೂರಿಸಿ. ಮುಚ್ಚಳ ಹಾಕಿ. ಏಣಿಯಿಂದ ಇಳಿದ ಮೇಲೆಯೇ ಮೇನು ಹಾಕಿ. ದೀಪ ಹತ್ತಿತೇ, ಆರಿತೇ ನೋಡಿ. ಎಂಸಿಬಿ ಬಿದ್ದುಹೋದರೆ ಮತ್ತೆ ಮತ್ತೆ ಎತ್ತಬೇಡಿ. ಎಲ್ಲೋ ತಪ್ಪಾಗಿದೆ ಎಂದು ಅದು ಹೇಳುತ್ತಿದೆ.

ಸೂರು ಯಾವ ಬಗೆಯದು?

ನಮ್ಮ ಸೀಮೆಯಲ್ಲಿ ಎಲ್ಲರ ಮನೆಯೂ ಒಂದೇ ಬಗೆಯಲ್ಲ. ತಾರಸಿ ಮನೆಯಲ್ಲಿ ತಂತಿ ಸಿಮೆಂಟಿನೊಳಗಿನ ಪೈಪಿನಲ್ಲಿ ಬರುತ್ತದೆ. ಅಲ್ಲಿ ತೂತು ಕೊರೆಯುವಾಗ ಪೈಪಿಗೆ ಪೆಟ್ಟಾಗದಂತೆ ಪಾಯಿಂಟಿನಿಂದ ಸ್ವಲ್ಪ ದೂರ ಸರಿದು ಕೊರೆಯಬೇಕು. ಕಲ್ಲು ಚಪ್ಪಡಿ ಹೊದಿಸಿದ ಮನೆಯಲ್ಲಿ ತಂತಿಯನ್ನು ಗೋಡೆ ಚಪ್ಪಡಿಗಳ ಮೇಲೆ ಪಟ್ಟಿಯೊಳಗೆ ಒಯ್ದಿರುತ್ತಾರೆ. ಮಳೆಗಾಲದಲ್ಲಿ ಚಪ್ಪಡಿಯ ಸಂದಿನಿಂದ ನೀರು ಜಿನುಗುವ ಜಾಗವನ್ನು ಗುರುತಿಟ್ಟು, ದೀಪವನ್ನು ಅಲ್ಲಿಂದ ಬೇರೆಡೆಗೆ ವೈರ್‌ಮನ್ನರಿಂದ ಸರಿಸಿಕೊಳ್ಳಿ. ಹೆಂಚಿನ ಮನೆಯಲ್ಲಿ ತೊಲೆ ಜಂತೆಗಳ ಮೇಲೆ ಇಲಿ ಹೆಗ್ಗಣ ಓಡಾಡಿ ತಂತಿ ಕಡಿಯುತ್ತವೆ. ಬರಿ ತಂತಿ ಎಳೆಯದೆ ಪೈಪಿನೊಳಗೆ ಎಳೆಸಿ.

ಶೀಟಿನ ಮನೆ, ಶೀಟಿನ ಕೊಟ್ಟಿಗೆ ಇದ್ದವರು ಎಲ್ಲರಿಗಿಂತ ಹೆಚ್ಚು ಎಚ್ಚರದಿಂದಿರಬೇಕು. ಕಬ್ಬಿಣದ ತಗಡಿನ ಅಂಚಿಗೆ ತಂತಿ ಉಜ್ಜಿ ಕವಚ ಹರಿದರೆ ಇಡೀ ಸೂರಿಗೇ ಕರೆಂಟು ಹತ್ತುತ್ತದೆ. ತಗಡಿನ ಸೂರಿನ ಕೆಳಗೆ ತಂತಿ ಪೈಪಿಲ್ಲದೆ ಹೋಗಲೇಬಾರದು.

ಕೊಟ್ಟಿಗೆಯ ದೀಪದ ವಿಚಾರ ಬೇರೆ. ಗಂಜಲ, ತೇವ, ಧೂಳು ಇರುವಲ್ಲಿ ಮುಚ್ಚಿದ, ನೀರು ಹೋಗದ ದೀಪವೇ ಬೇಕು, ಹಸುವಿನ ಕೊಂಬು ತಾಗದ ಎತ್ತರ ಬೇಕು. ದನಕರುಗಳು ಮನುಷ್ಯರಿಗಿಂತ ಕಡಿಮೆ ಕರೆಂಟಿಗೇ ತತ್ತರಿಸುತ್ತವೆ. ಹಾಲು ಕರೆಯುವಾಗ ಹಸು ಕಾರಣವಿಲ್ಲದೆ ಬೆಚ್ಚಿ ಒದೆಯುತ್ತಿದ್ದರೆ, ನೀರಿನ ತೊಟ್ಟಿಗೆ ಬಾಯಿಡಲು ಹೆದರುತ್ತಿದ್ದರೆ, ಅಲ್ಲೆಲ್ಲೋ ಕರೆಂಟು ಸೋರುತ್ತಿರಬಹುದು. ಕುಣಿಗಲ್ ಕಡೆಯ ರೇಷ್ಮೆ ಬೆಳೆಗಾರರು ಹುಳುಮನೆ ತೊಳೆದು ಔಷಧಿ ಸಿಂಪಡಿಸುವಾಗ ಮೇನು ಆರಿಸಿಯೇ ಸಿಂಪಡಿಸಬೇಕು, ಒಣಗಿದ ಮೇಲೆಯೇ ಹಾಕಬೇಕು.

ಮನೆ ಕಾಯುವ ಮೂರು ಕಾವಲುಗಾರರು

ಮೊದಲನೆಯದು ಫ್ಯೂಸು ಅಥವಾ ಎಂಸಿಬಿ. ಫ್ಯೂಸು ಸುಟ್ಟಾಗ ಅದರ ಅಳತೆಯ ಫ್ಯೂಸ್ ತಂತಿಯನ್ನೇ ಹಾಕಿ. ವೈರಿನ ನಾಲ್ಕು ಎಳೆ ಹೊಸೆದು ಕಟ್ಟಿದರೆ ಫ್ಯೂಸು ಉಳಿಯುತ್ತದೆ, ಮನೆ ಸುಡುತ್ತದೆ.

ಎರಡನೆಯದು ಅರ್ಥ್. ಮನೆಯ ಪಕ್ಕದ ಅರ್ಥ್ ಗುಂಡಿ ಬೇಸಿಗೆಯಲ್ಲಿ ಒಣಗಿದರೆ ಕೆಲಸ ಮಾಡುವುದಿಲ್ಲ. ಆಗಾಗ್ಗೆ ಒಂದು ಬಿಂದಿಗೆ ನೀರು ಹಾಕಿ. ಅರ್ಥ್ ತಂತಿ ತುಂಡಾಗಿದೆಯೇ, ತುಕ್ಕು ಹಿಡಿದಿದೆಯೇ ನೋಡುತ್ತಿರಿ.

ಮೂರನೆಯದು ಆರ್‌ಸಿಸಿಬಿ. ಪ್ರಾಣ ಉಳಿಸಲೆಂದೇ ಇರುವ ಉಪಕರಣ ಇದು. ಬೆಳಿಗ್ಗೆ ಮೇಯಲು ಬಿಟ್ಟ ಕುರಿಗಳನ್ನು ಸಂಜೆ ಎಣಿಸಿಕೊಳ್ಳುವಂತೆ, ಇದು ಫೇಸಿನಲ್ಲಿ ಹೋದ ಕರೆಂಟೆಲ್ಲ ನ್ಯೂಟ್ರಲ್‌ನಲ್ಲಿ ವಾಪಸು ಬಂತೇ ಎಂದು ಎಣಿಸುತ್ತಲೇ ಇರುತ್ತದೆ. ೩೦ ಮಿಲಿ ಆಂಪಿಯರಿನಷ್ಟು ಕಡಿಮೆ ಬಂದರೆ, ಅದು ಯಾರದೋ ಮೈಯ ಮೂಲಕ ನೆಲಕ್ಕೆ ಹೋಗುತ್ತಿರಬಹುದೆಂದು, ಕಣ್ಣು ಮಿಟುಕಿಸುವಷ್ಟರಲ್ಲಿ ಕರೆಂಟು ಕಡಿಯುತ್ತದೆ. ಕೊಳ್ಳುವಾಗ "೩೦ ಮಿಲಿ ಆಂಪಿಯರಿನದು" ಎಂದೇ ಕೇಳಿ, ವೈರ್‌ಮನ್ನರಿಂದ ಹಾಕಿಸಿ. ಅದರ ಮೇಲಿನ ಪರೀಕ್ಷೆಯ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ, ಕೂಡಲೇ ಬೀಳಬೇಕು. ಆದರೆ ಇದೂ ಸರ್ವಶಕ್ತವಲ್ಲ. ಒಂದು ಕೈಯಲ್ಲಿ ಫೇಸು, ಇನ್ನೊಂದು ಕೈಯಲ್ಲಿ ನ್ಯೂಟ್ರಲ್ ಹಿಡಿದರೆ ಕುರಿಗಳ ಲೆಕ್ಕ ಸರಿಹೋಗುತ್ತದೆ, ಉಪಕರಣಕ್ಕೆ ತಿಳಿಯುವುದಿಲ್ಲ. ಆದ್ದರಿಂದ ಇದು ಇದ್ದರೂ ಮೇನು ಆರಿಸುವುದು ತಪ್ಪಬಾರದು.

ಅವಘಡವಾದರೆ

ಯಾರಿಗಾದರೂ ಕರೆಂಟು ಹೊಡೆದಾಗ ಹೆತ್ತ ತಾಯಿಯೇ ಆಗಲಿ ಓಡಿಹೋಗಿ ಮುಟ್ಟಬಾರದು. ಮುಟ್ಟಿದರೆ ಒಬ್ಬರ ಬದಲು ಇಬ್ಬರು ಹೋಗುತ್ತಾರೆ. ಮೊದಲು ಮೇನು ಆರಿಸಿ. ಮನೆಯ ಹೆಂಗಸರು ಮಕ್ಕಳಿಗೆಲ್ಲ ಮೇನು ಎಲ್ಲಿದೆ, ಹೇಗೆ ಆರಿಸುವುದು ಎಂದು ಇವತ್ತೇ ತೋರಿಸಿಡಿ. ಆರಿಸಲು ಸಾಧ್ಯವೇ ಇಲ್ಲದಿದ್ದರೆ, ಒಣ ಹಲಗೆಯ ಮೇಲೆ ನಿಂತು ಒಣ ಮರದ ಕೋಲಿನಿಂದ ತಂತಿಯನ್ನು ಸರಿಸಿ. ಕಂಬದ ಲೈನು ಹರಿದು ಬಿದ್ದಿದ್ದರೆ ಈ ಕೋಲಿನ ಉಪಾಯವೂ ಬೇಡ. ದೂರ ನಿಂತು ಬೆಸ್ಕಾಂನ ೧೯೧೨ಕ್ಕೆ ಫೋನು ಮಾಡಿ.

ಬಿಡಿಸಿದ ಮೇಲೆ ೧೦೮ಕ್ಕೆ ಫೋನು ಮಾಡಿ. ಕರೆದರೆ ಓಗೊಡದೆ, ಉಸಿರೂ ಇಲ್ಲದಿದ್ದರೆ ಅಂಗಾತ ಮಲಗಿಸಿ. ಎದೆಯ ನಡುಮಧ್ಯದಲ್ಲಿ ಎರಡು ಕೈ ಒಂದರ ಮೇಲೊಂದಿಟ್ಟು, ಸುಮಾರು ೫ ಸೆಂಟಿಮೀಟರು ತಗ್ಗುವಂತೆ, ನಿಮಿಷಕ್ಕೆ ೧೦೦ರಿಂದ ೧೨೦ ಸಲ ಒತ್ತುತ್ತಿರಿ. ಸಹಾಯ ಬರುವವರೆಗೆ ನಿಲ್ಲಿಸಬೇಡಿ, ಒಬ್ಬರು ದಣಿದರೆ ಇನ್ನೊಬ್ಬರು ಒತ್ತಲಿ. ಎದ್ದು ಕುಳಿತು "ಏನೂ ಆಗಿಲ್ಲ" ಎಂದರೂ ಆಸ್ಪತ್ರೆಗೆ ಕರೆದೊಯ್ದು ಒಮ್ಮೆ ತೋರಿಸಿ. ಹೊರಗೆ ಕಾಣದ ಪೆಟ್ಟು ಒಳಗೆ ಆಗಿರಬಹುದು.

ಬಂಧುಗಳೇ, ಈಗ ನಮ್ಮ ಹುಡುಗನನ್ನು ಮತ್ತೆ ಕರೆಯೋಣ. ಅವನು ಮೇನು ಆರಿಸಿದ್ದಾನೆ, ಯುಪಿಎಸ್ ಆರಿಸಿದ್ದಾನೆ, ಫ್ಯೂಸು ಜೇಬಿನಲ್ಲಿದೆ. ಟೆಸ್ಟರು ಎರಡು ಸಲ ಇಟ್ಟು ನೋಡಿದ್ದಾನೆ. ಬಿದಿರಿನ ಏಣಿಯನ್ನು ಅವರಪ್ಪ ಕೆಳಗೆ ಹಿಡಿದುಕೊಂಡಿದ್ದಾರೆ. ಇದಕ್ಕೆಲ್ಲ ಹೆಚ್ಚಿಗೆ ಹಿಡಿದದ್ದು ಹತ್ತು ನಿಮಿಷ. ಈಗ ಅವನು ಹತ್ತಲಿ, ಅಡ್ಡಿಯಿಲ್ಲ. ಸಂಜೆ ನಡುಮನೆಯಲ್ಲಿ ಹೊಸ ದೀಪ ಹತ್ತಿದಾಗ ಅದರ ಕೆಳಗೆ ಮನೆಯವರೆಲ್ಲರೂ ಕೂತು ಊಟ ಮಾಡಬೇಕು, ಒಬ್ಬರೂ ಕಡಿಮೆಯಾಗಬಾರದು. ಆ ಹತ್ತು ನಿಮಿಷ ಅದಕ್ಕಾಗಿ.